ಹೊಳೆಯ ಮಟ್ಟ, ಹೊಳೆಯ ಹರಿವು: ಪಯಸ್ವಿನಿ ದಂಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) ಹೊಳೆ ತುಂಬಿ ಬಂದರೆ ಸಂಕದ (ಸೇತುವೆ) ಮೇಲೆ ಹತ್ತು ಜನ ಮೊಬೈಲ್ ಹಿಡಿದು ನಿಂತಿರುತ್ತಾರೆ. ಫೆಬ್ರವರಿ ಕೊನೆಗೆ ಅದೇ ಹೊಳೆ ಕಲ್ಲುಗಳ ನಡುವೆ ನೂಲಿನ ಹಾಗೆ ಹರಿಯುವಾಗ ನೋಡುವವರು ಯಾರೂ ಇರುವುದಿಲ್ಲ. ಆದರೆ ತೋಟಕ್ಕೆ ನೀರು ಸಾಲದೆ ಹೋಗುವುದು ಆಗಲೇ. ಬಾವಿಯ ತಳ ಕಾಣುವುದೂ ಆಗಲೇ. ಹಾಗಾಗಿ ಹೊಳೆಯನ್ನು ಅಳೆಯಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಮಾತು ಒಂದೇ: ನೆರೆಯ ಸಮಯದಲ್ಲಿ ಅಳೆಯಿರಿ, ಬೇಸಿಗೆಯಲ್ಲಿ ಬಿಡದೆ ಅಳೆಯಿರಿ.

ನಮ್ಮ ತೋಟ ಕಾಸರಗೋಡು ಜಿಲ್ಲೆಯ ಮೂಡು ಬದಿಯಲ್ಲಿ, ಪಯಸ್ವಿನಿ ಹೊಳೆಗೆ ಸೇರುವ ಒಂದು ತೋಡಿನ (ಸಣ್ಣ ಹಳ್ಳ) ಪಕ್ಕದಲ್ಲಿದೆ. ಕೆಲವು ವರ್ಷಗಳಿಂದ ದಿನಾ ಮಟ್ಟ ಬರೆದಿಡುತ್ತಿದ್ದೇನೆ. ಅಕ್ಕಪಕ್ಕದವರು, ಶಾಲೆಯ ಮಕ್ಕಳು, ಸುಳ್ಯದ ಕಡೆಯ ನೆಂಟರು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ.

ಮಟ್ಟ ಅಂದರೂ ಹರಿವು ಅಂದರೂ ಒಂದೇ ಅಲ್ವಾ?

ಅಲ್ಲ. ಈ ಗೊಂದಲ ಹೋದರೆ ಅರ್ಧ ಕೆಲಸ ಆದ ಹಾಗೆ. ಮಟ್ಟ ಅಂದರೆ ನೀರು ಎಷ್ಟು ಎತ್ತರದಲ್ಲಿ ನಿಂತಿದೆ ಅನ್ನುವುದು. ಹರಿವು ಅಂದರೆ ಒಂದು ಸೆಕೆಂಡಿಗೆ ಎಷ್ಟು ನೀರು ದಾಟಿ ಹೋಗುತ್ತದೆ ಅನ್ನುವುದು. ಜನವರಿಯಲ್ಲಿ ಕಟ್ಟ, ಅಂದರೆ ನೀರು ನಿಲ್ಲಿಸುವ ಅಡ್ಡ ಒಡ್ಡು, ಹಾಕಿದ ತೋಡನ್ನು ನೋಡಿ. ಮೇಲೆ ಎದೆಮಟ್ಟ ನೀರು ನಿಂತಿದೆ, ಕೆಳಗೆ ಕಾಲು ಒದ್ದೆಯಾಗುವಷ್ಟೂ ಇಲ್ಲ. ಮಟ್ಟ ಜಾಸ್ತಿ, ಹರಿವು ಇಲ್ಲವೇ ಇಲ್ಲ.

ಹರಿವನ್ನು ಹೇಳುವುದು ಸೆಕೆಂಡಿಗೆ ಇಷ್ಟು ಘನ ಮೀಟರ್ ಅಥವಾ ಇಷ್ಟು ಲೀಟರ್ ಅಂತ. ಒಂದು ಘನ ಮೀಟರ್ ಅಂದರೆ 1000 ಲೀಟರ್. ಪೇಪರಿನಲ್ಲಿ ಅಣೆಕಟ್ಟಿನ ಸುದ್ದಿ ಬಂದಾಗ ಓದುವ ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್.

ಮಟ್ಟ ಓದುವ ಅಳತೆ ಪಟ್ಟಿ ಎಲ್ಲಿ ಹಾಕಬೇಕು?

ನೀರು ಸುಳಿ ತಿರುಗದ, ನೇರವಾಗಿ ಹೋಗುವ ಜಾಗ ಬೇಕು. ದಂಡೆಯಲ್ಲಿ ನಿಂತು ಓದಲಿಕ್ಕೆ ಆಗಬೇಕು. ಬೇಸಿಗೆಯ ಕೊನೆಯ ನೀರೂ ಪಟ್ಟಿಗೆ ತಾಗಬೇಕು, ನೆರೆಯ ನೀರೂ ಪಟ್ಟಿಯೊಳಗೇ ಇರಬೇಕು. ಒಂದೇ ಪಟ್ಟಿಗೆ ಇದು ಆಗದಿದ್ದರೆ ಮೆಟ್ಟಿಲಿನ ಹಾಗೆ ಎರಡು ಮೂರು ಪಟ್ಟಿ ಹಾಕಬಹುದು, ಆದರೆ ಎಲ್ಲದರ ಲೆಕ್ಕ ಒಂದೇ ಸೊನ್ನೆಯಿಂದ ಶುರುವಾಗಬೇಕು. ಸಂಕದ ಕಾಂಕ್ರೀಟ್ ಕಂಬ ಇದ್ದರೆ ಅದರ ಮೇಲೆ ಪೈಂಟಿನಲ್ಲಿ ಸೆಂಟಿಮೀಟರ್ ಗೆರೆ ಎಳೆದರೂ ಸಾಕು. ಕಂಬದ ಮುಂದುಗಡೆ ನೀರು ಗುದ್ದಿ ಏರುತ್ತದೆ, ಹಿಂದೆ ತಗ್ಗುತ್ತದೆ. ಪಕ್ಕದ ಬದಿಯಲ್ಲಿ ಬರೆಯಿರಿ.

ಮೊದಲ ವರ್ಷ ನಾನು ದಂಡೆಯ ಮರಕ್ಕೆ ಹಲಗೆ ಹೊಡೆದು ಅದರಲ್ಲಿ ಗೆರೆ ಹಾಕಿದ್ದೆ. ಜುಲೈಯಲ್ಲಿ ಒಂದು ರಾತ್ರಿ ಬಂದ ಕಸ, ಬಿದಿರು ಎಲ್ಲ ಸಿಕ್ಕಿಕೊಂಡು ಹಲಗೆ ಕಿತ್ತುಹೋಯಿತು. ಸಿಕ್ಕಿದ ಹಲಗೆಯನ್ನೇ ತಂದು, ಹಳೆಯ ಮೊಳೆಯ ತೂತು ನೋಡಿ ಅಂದಾಜಿನಲ್ಲಿ ಪುನಃ ಹೊಡೆದೆ. ಆ ಅಂದಾಜು ಎಷ್ಟು ತಪ್ಪಿತ್ತು ಅಂತ ಹೇಳಲಿಕ್ಕೆ ದಾರಿಯೇ ಇರಲಿಲ್ಲ. ಜೂನಿನ ಅಂಕಿಯನ್ನು ಆಗಸ್ಟಿನ ಅಂಕಿಗೆ ಹೋಲಿಸುವ ಹಾಗೆಯೇ ಇಲ್ಲ. ಆ ಇಡೀ ಮಳೆಗಾಲದ ಬರಹ ಹೋಯಿತು.

ಈಗ ಹಾಗಿಲ್ಲ. ದಂಡೆಯಿಂದ ಸ್ವಲ್ಪ ಮೇಲೆ, ಅಲುಗಾಡದ ಕರಿಕಲ್ಲಿನ ಮೇಲೆ ಉಳಿಯಿಂದ ಒಂದು ಗುರುತು ಕೊರೆಸಿದ್ದೇನೆ. ಪಟ್ಟಿಯ ಸೊನ್ನೆ ಆ ಗುರುತಿಗಿಂತ ಎಷ್ಟು ಕೆಳಗಿದೆ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ. ಪಟ್ಟಿ ಹೋದರೂ ಗುರುತು ಹೋಗುವುದಿಲ್ಲ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲಿಕ್ಕೆ ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿಯುತ್ತಾರಲ್ಲ, ಅದೇ ಸಾಕು. ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ಆದ ಮೇಲೆ, ಇಬ್ಬರು ನಿಂತು ಪಟ್ಟಿ ಜಾರಿದೆಯಾ ಅಂತ ನೋಡಿದರೆ ಆಯಿತು.

ದಿನಕ್ಕೆ ಎಷ್ಟು ಸಲ ಓದಬೇಕು?

ಒಂದು ಸಲ ಸಾಕು, ಆದರೆ ಅದೇ ಹೊತ್ತಿಗೆ. ದೇಶದ ದೊಡ್ಡ ಹೊಳೆಗಳನ್ನು ಅಳೆಯುವ ಕೇಂದ್ರ ಜಲ ಆಯೋಗದವರು ಬೆಳಗ್ಗೆ 8 ಗಂಟೆಗೆ ಓದುತ್ತಾರೆ, ನಾವೂ ಅದೇ ಇಟ್ಟುಕೊಂಡರೆ ಹೋಲಿಸಲಿಕ್ಕೆ ಸುಲಭ. ನೆರೆ ಬಂದಾಗ ಗಂಟೆಗೊಂದು ಸಲ. ನೀರು ಅಲೆ ಆಡುತ್ತಿದ್ದರೆ ಮೇಲಿನ ಮತ್ತು ಕೆಳಗಿನ ಅಂಕಿ ಎರಡನ್ನೂ ನೋಡಿ ನಡುವಿನದ್ದನ್ನು ಬರೆಯಿರಿ. ತಾರೀಕು, ಗಂಟೆ, ಅಂಕಿ, ನೀರಿನ ಬಣ್ಣ. ಬಣ್ಣ ಬರೆಯುವುದನ್ನು ಬಿಡಬೇಡಿ, ಮುಂದೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

‘ಮಟ್ಟ 3 ಮೀಟರ್’ ಅಂದರೆ ಹೊಳೆ 3 ಮೀಟರ್ ಆಳ ಇದೆ ಅಂತಲಾ?

ಅಲ್ಲ. ಪಟ್ಟಿಯ ಸೊನ್ನೆಯಿಂದ 3 ಮೀಟರ್ ಮೇಲೆ ಅಂತ ಅಷ್ಟೇ. ಸೊನ್ನೆ ಹೊಳೆಯ ತಳಕ್ಕಿಂತ ಕೆಳಗೂ ಇರಬಹುದು, ಮೇಲೂ ಇರಬಹುದು. ಆಯೋಗದ ಕೇಂದ್ರಗಳಲ್ಲಿ ಅಂಕಿಯನ್ನು ಸಮುದ್ರಮಟ್ಟದಿಂದ ಹೇಳುವುದೂ ಉಂಟು. ಪಕ್ಕದ ಕಯದಲ್ಲಿ (ಹೊಳೆಯ ಆಳದ ಗುಂಡಿ) ಅದೇ ಹೊತ್ತಿಗೆ ಆನೆ ಮುಳುಗುವಷ್ಟು ನೀರು ಇರಬಹುದು. ಅಂಕಿ ನೋಡಿ ನೀರಿಗೆ ಇಳಿಯುವ ಧೈರ್ಯ ಮಾಡಬೇಡಿ.

ಹರಿವನ್ನು ನಾವೇ ಅಳೆಯಬಹುದಾ? ಯಂತ್ರ ಬೇಕಾ?

ಯಂತ್ರ ಇಲ್ಲದೆಯೂ ಆಗುತ್ತದೆ. ಟೇಪು, ಗಳು, ಮೊಬೈಲಿನ ಗಡಿಯಾರ, ತೇಲುವ ಒಂದು ವಸ್ತು ಇದ್ದರೆ ಆಯಿತು.

ನಮ್ಮ ತೋಡಿನಂತಹ ಜಾಗದ ಲೆಕ್ಕ ಹೇಳುತ್ತೇನೆ. ಅಗಲ 4 ಮೀಟರ್. ಒಂದೊಂದು ಮೀಟರಿಗೆ ಗಳು ಇಳಿಸಿ ಆಳ ನೋಡಿದಾಗ 20, 35, 25 ಸೆಂಟಿಮೀಟರ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಎರಡೂ ದಂಡೆಯಲ್ಲಿ ಸೊನ್ನೆ. ಪ್ರತಿ ಮೀಟರಿನ ತುಂಡಿಗೆ ಎಡಬಲದ ಆಳದ ಸರಾಸರಿ ಹಿಡಿದರೆ 10, 27.5, 30, 12.5. ಒಟ್ಟು 80 ಸೆಂಟಿಮೀಟರ್, ಒಂದೊಂದು ತುಂಡಿನ ಅಗಲ 1 ಮೀಟರ್. ಅಂದರೆ ನೀರು ಹಾದುಹೋಗುವ ಬಾಗಿಲು 0.80 ಚದರ ಮೀಟರ್.

ಇನ್ನು ವೇಗ. 10 ಮೀಟರ್ ಉದ್ದ ಗುರುತು ಮಾಡಿ, ಮೇಲಿನಿಂದ ತೇಲಿಬಿಟ್ಟು ಎಷ್ಟು ಸೆಕೆಂಡಿಗೆ ಬರುತ್ತದೆ ನೋಡಿ. 25 ಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 0.4 ಮೀಟರ್. ಇಲ್ಲಿ ಎಲ್ಲರೂ ಮರೆಯುವ ಒಂದು ವಿಷಯ ಇದೆ. ಮೇಲಿನ ನೀರು ಓಡುವಷ್ಟು ತಳದ ನೀರು ಓಡುವುದಿಲ್ಲ, ಕಲ್ಲು, ಹೊಯ್ಗೆ (ಮರಳು) ಹಿಡಿದು ಎಳೆಯುತ್ತದೆ. ಅದಕ್ಕೆ 0.85ರಿಂದ ಗುಣಿಸಬೇಕು. ಕಲ್ಲು ಜಾಸ್ತಿ ಇದ್ದು ನೀರು ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಇಳಿಸಬೇಕು. 0.4 × 0.85 ಅಂದರೆ 0.34. ಅದನ್ನು 0.80ರಿಂದ ಗುಣಿಸಿದರೆ 0.272 ಘನ ಮೀಟರ್. ಸೆಕೆಂಡಿಗೆ 272 ಲೀಟರ್. ದಿನಕ್ಕೆ ಸುಮಾರು 2.35 ಕೋಟಿ ಲೀಟರ್!

ತೇಲಿಸಲಿಕ್ಕೆ ಏನು? ಒಣ ಅಡಿಕೆ ತುಂಬ ಹಗುರ, ಗಾಳಿ ಬಂದರೆ ನೀರಿಗಿಂತ ಮುಂದೆ ಓಡುತ್ತದೆ. ಸೋಗೆಯ ತುಂಡು ದಂಡೆಗೆ ಹೋಗಿ ಅಂಟುತ್ತದೆ. ನನಗೆ ಒಳ್ಳೆಯದು ಅಂತ ಕಂಡದ್ದು ಕುಡಿಯದ ಬೊಂಡ, ಅಂದರೆ ಎಳನೀರಿನ ಕಾಯಿ. ಮುಕ್ಕಾಲು ಮುಳುಗಿ, ತಲೆ ಮಾತ್ರ ಹೊರಗೆ ಹಾಕಿ, ನೀರಿನ ಜೊತೆಯಲ್ಲೇ ಹೋಗುತ್ತದೆ. ನೀರು ಕಡಿಮೆ ಇದ್ದರೆ ಕಿತ್ತಳೆಹಣ್ಣು. ಎಡಕ್ಕೆ, ನಡುವೆ, ಬಲಕ್ಕೆ ಅಂತ ಐದಾರು ಸಲ ಬಿಟ್ಟು ಸರಾಸರಿ ತೆಗೆಯಿರಿ. ಒಂದೇ ಸಲಕ್ಕೆ ನಂಬಬೇಡಿ.

ಇಲಾಖೆಯವರು ತಿರುಗುವ ಚಕ್ರದ ಮಾಪಕ ಇಳಿಸುತ್ತಾರೆ. ಒಂದೇ ಕಡೆ ಅಳೆಯುವುದಾದರೆ ಮೇಲಿನಿಂದ ಆಳದ 0.6 ಭಾಗದಲ್ಲಿ, ಎರಡು ಕಡೆಯಾದರೆ 0.2 ಮತ್ತು 0.8ರಲ್ಲಿ. ಹೊಳೆಯ ಅಡ್ಡಕ್ಕೆ ಇಪ್ಪತ್ತು ಇಪ್ಪತ್ತೈದು ಜಾಗದಲ್ಲಿ ಹೀಗೆ ಮಾಡುತ್ತಾರೆ. ಲೆಕ್ಕದ ದಾರಿ ಮಾತ್ರ ನಮ್ಮ ಬೊಂಡದ್ದೇ.

ಮಾರ್ಚಿನಲ್ಲಿ ಬೊಂಡ ತೇಲುವಷ್ಟೂ ನೀರಿಲ್ಲ. ಆಗ?

ಆಗ ಬಾಲ್ದಿ. ನೀರು ಎಲ್ಲಿ ಚಿಕ್ಕದಾಗಿ ಬೀಳುತ್ತದೋ ಅಲ್ಲಿ ಅಡಿಕೆಮರ ಸೀಳಿದ ದಂಬೆ ಅಥವಾ ಪೈಪು ಇಟ್ಟು, ಸುತ್ತ ಮಣ್ಣು ಮೆತ್ತಿ, ಅಷ್ಟೂ ನೀರು ಅದರಲ್ಲೇ ಬರುವ ಹಾಗೆ ಮಾಡಿ. 20 ಲೀಟರಿನ ಬಾಲ್ದಿ 8 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2.5 ಲೀಟರ್. ಸಣ್ಣ ನೀರು ಅನಿಸುತ್ತದೆ ಅಲ್ವಾ? ದಿನಕ್ಕೆ 2 ಲಕ್ಷದ 16 ಸಾವಿರ ಲೀಟರ್ ಅದು. ಗುಡ್ಡಕ್ಕೆ ಅಡ್ಡ ಕೊರೆದು ನೀರು ತೆಗೆಯುವ ಸುರಂಗದ ನೀರನ್ನೂ ಹೀಗೆಯೇ ಅಳೆಯಬಹುದು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಸುರಂಗ ಇರುವವರು ತಿಂಗಳಿಗೊಮ್ಮೆ ಬರೆದಿಟ್ಟರೂ ಒಳ್ಳೆಯ ದಾಖಲೆ.

ಬಾಲ್ದಿಗೆ ಜಾಸ್ತಿ, ಬೊಂಡಕ್ಕೆ ಕಡಿಮೆ ಅನ್ನುವ ನೀರಿಗೆ ಹಲಗೆಯಲ್ಲಿ ‘ವಿ’ ಆಕಾರದ ಕಚ್ಚು. ತಗಡಿನಲ್ಲಿ ಸರಿಯಾಗಿ 90 ಡಿಗ್ರಿ ಕೊಯ್ದು ತೋಡಿಗೆ ಅಡ್ಡ ನಿಲ್ಲಿಸಬೇಕು. ಕಚ್ಚಿನ ತುದಿಯಿಂದ ನೀರು 10 ಸೆಂಟಿಮೀಟರ್ ಏರಿದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್, 20 ಏರಿದರೆ ಸುಮಾರು 24.7 ಲೀಟರ್. ಎತ್ತರ ಎರಡು ಪಟ್ಟು ಆದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿ. ಎತ್ತರವನ್ನು ಕಚ್ಚಿನ ಬಾಯಲ್ಲಿ ಅಳೆಯಬೇಡಿ, ಅಲ್ಲಿ ನೀರು ಬಾಗುತ್ತದೆ. ಅರ್ಧ, ಒಂದು ಮೀಟರ್ ಹಿಂದೆ ಅಳೆಯಿರಿ. ಕೆಳಗೆ ನೀರು ಧಾರಾಳವಾಗಿ ಬೀಳಲಿಕ್ಕೆ ಜಾಗವೂ ಇರಬೇಕು.

ದಿನಾ ಬೊಂಡ ತೇಲಿಸಲಿಕ್ಕೆ ಆಗುತ್ತದಾ? ಮಟ್ಟ ನೋಡಿಯೇ ಹರಿವು ಹೇಳಲಿಕ್ಕೆ ಆಗುವುದಿಲ್ವಾ?

ಆಗುತ್ತದೆ. ಬೇರೆ ಬೇರೆ ಮಟ್ಟ ಇರುವ ದಿನ ನೋಡಿಕೊಂಡು ಹತ್ತು ಹದಿನೈದು ಸಲ ಹರಿವು ಅಳೆದು, ಗ್ರಾಫ್ ಹಾಳೆಯಲ್ಲಿ ಒಂದು ಬದಿಗೆ ಮಟ್ಟ, ಇನ್ನೊಂದು ಬದಿಗೆ ಹರಿವು ಗುರುತು ಹಾಕಿ ಗೆರೆ ಎಳೆಯಿರಿ. ಆಮೇಲೆ ಮಟ್ಟ ಓದಿದರೆ ಸಾಕು, ಗೆರೆ ಹರಿವನ್ನು ಹೇಳುತ್ತದೆ. ಮೊಬೈಲಿನಲ್ಲಿ ಹೊಳೆಗಳ ಹರಿವು ಅಂತ ತೋರಿಸುವ ಅಂಕಿ ಹೆಚ್ಚಾಗಿ ಹೀಗೆ ಗೆರೆಯಿಂದ ಬಂದದ್ದು, ಆ ಕ್ಷಣ ಯಾರೋ ಅಳೆದದ್ದಲ್ಲ.

ಆದರೆ ಗೆರೆ ಶಾಶ್ವತ ಅಲ್ಲ. ಒಂದು ದೊಡ್ಡ ನೆರೆ ಬಂದು ಹೊಯ್ಗೆ ತುಂಬಿದರೆ, ಇಲ್ಲವೇ ಯಾರಾದರೂ ಹೊಯ್ಗೆ ತೆಗೆದು ತಳ ಇಳಿದರೆ, ಅದೇ ಮಟ್ಟಕ್ಕೆ ಬೇರೆ ಹರಿವು. ಹೊಯ್ಗೆ ತೆಗೆದ ಜಾಗದಲ್ಲಿ ‘ಮಟ್ಟ ಇಳಿದಿದೆ, ನೀರು ಕಡಿಮೆ’ ಅಂತ ಹೇಳುವುದೂ ತಪ್ಪಾಗಬಹುದು. ನೀರು ಮೊದಲಿನಷ್ಟೇ ಇದ್ದು, ತಳವೇ ಕೆಳಗೆ ಹೋಗಿರಬಹುದು. ಪ್ರತಿ ಮಳೆಗಾಲ ಮುಗಿದ ಮೇಲೆ ಮೂರು ನಾಲ್ಕು ಸಲವಾದರೂ ಪುನಃ ಅಳೆದು ನೋಡಿ.

ಕಟ್ಟ ಹಾಕಿದರೆ ಮಟ್ಟ ಏರಿ ಅಳತೆ ಹಾಳಾಗುತ್ತದಲ್ಲ. ಹಾಗಾದರೆ ಕಟ್ಟ ಬೇಡವಾ?

ಅಯ್ಯೋ, ಕಟ್ಟ ಬೇಕು! ಏತಡ್ಕದ ಕಡೆಯವರು ತಲೆಮಾರುಗಳಿಂದ ಕಟ್ಟಗಳನ್ನು ನಂಬಿಯೇ ತೋಟ ಮಾಡಿದ್ದಾರೆ. ಮಳೆ ನಿಂತು ತೋಡಿನ ನೀರು ಇಳಿಯುತ್ತಾ ಬಂದಾಗ, ಡಿಸೆಂಬರ್ ಜನವರಿಯ ಹೊತ್ತಿಗೆ ಕಲ್ಲು, ಮಣ್ಣು ಹಾಕಿ, ಈಗ ಪ್ಲಾಸ್ಟಿಕ್ ಹಾಳೆಯನ್ನೂ ಸೇರಿಸಿ ಅಡ್ಡ ಕಟ್ಟುತ್ತಾರೆ. ನಿಂತ ನೀರು ಎರಡೂ ಬದಿಯ ಮಣ್ಣಿಗೆ ಇಳಿಯುತ್ತದೆ, ಪಕ್ಕದ ಬಾವಿಗಳಲ್ಲಿ ನೀರು ಏರುತ್ತದೆ.

ನಾನು ಹೇಳುವುದು ಪಟ್ಟಿಯ ಜಾಗದ ಬಗ್ಗೆ. ಕಟ್ಟದ ನೀರು ಹಿಂದೆ ಎಲ್ಲಿಯವರೆಗೆ ನಿಲ್ಲುತ್ತದೆ ನೋಡಿ, ಅದಕ್ಕಿಂತ ಮೇಲೆ ಪಟ್ಟಿ ಹಾಕಿ. ಅದು ಆಗದಿದ್ದರೆ ಕಟ್ಟ ಹಾಕಿದ ತಾರೀಕು, ಬಿಡಿಸಿದ ತಾರೀಕು ಬರೆದಿಡಿ, ಆ ದಿನಗಳಲ್ಲಿ ಹರಿವಿನ ಗೆರೆ ಬಳಸಬೇಡಿ. ಕಟ್ಟದ ಪಕ್ಕದ ಎರಡು ಬಾವಿಗಳಲ್ಲಿ ವಾರಕ್ಕೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ನೋಡಿದರೆ ಇನ್ನೂ ಒಳ್ಳೆಯದು. ಕಟ್ಟ ಏನು ಮಾಡಿತು ಅಂತ ಬಾವಿಯೇ ಹೇಳುತ್ತದೆ.

ಮಳೆ ಇಲ್ಲದಿದ್ದರೂ ಬೆಳಗ್ಗೆ ಒಂದು ಮಟ್ಟ, ಸಂಜೆ ಇನ್ನೊಂದು ಮಟ್ಟ ಯಾಕೆ?

ಎರಡು ಕಾರಣ. ಒಂದು ಪಂಪು. ಸೆಕೆಂಡಿಗೆ 3 ಲೀಟರ್ ಎಳೆಯುವ ನಾಲ್ಕು ಪಂಪು ಒಟ್ಟಿಗೆ ಓಡಿದರೆ 12 ಲೀಟರ್ ಹೋಯಿತು. ಬೇಸಿಗೆಯ ತೋಡಿನಲ್ಲಿ ಅಷ್ಟು ನೀರೇ ಇರುವುದಿಲ್ಲ. ಕರೆಂಟ್ ಬಂದ ಹೊತ್ತು ಮಟ್ಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡನೆಯದು ಮರಗಳು. ಬಿಸಿಲು ಏರಿದ ಹಾಗೆ ದಂಡೆಯ ಮರಗಳು ಬೇರಿನಿಂದ ನೀರು ಎಳೆಯುತ್ತವೆ, ರಾತ್ರಿ ನಿಲ್ಲಿಸುತ್ತವೆ. ಹಾಗಾಗಿ ಸಣ್ಣ ತೋಡುಗಳು ಬೆಳಗ್ಗೆ ಒಂದು ಕೂದಲಷ್ಟು ಹೆಚ್ಚು, ಸಂಜೆ ಕಡಿಮೆ. ಮೊದಲ ಸಲ ಇದನ್ನು ನನ್ನ ಪಟ್ಟಿಯಲ್ಲೇ ಕಂಡಾಗ ತೋಡು ಉಸಿರಾಡುವ ಹಾಗೆ ಅನಿಸಿತ್ತು.

ಕೆಳಗೆ, ಚಂದ್ರಗಿರಿ ಸೇತುವೆಯ ಹತ್ತಿರವೂ ಹೀಗೆಯೇ ಅಳೆಯಬಹುದಾ?

ಅಲ್ಲಿ ಸಮುದ್ರದ ಆಟ ಇದೆ. ಪಯಸ್ವಿನಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ದಾಟಿ, ನಮ್ಮ ಜಿಲ್ಲೆಗೆ ಬಂದು, ಚಂದ್ರಗಿರಿ ಅನ್ನುವ ಹೆಸರಿನಲ್ಲಿ ಕಾಸರಗೋಡು ಪೇಟೆಯ ತೆಂಕಕ್ಕೆ ಸಮುದ್ರ ಸೇರುತ್ತದೆ. ಒಟ್ಟು 105 ಕಿಲೋಮೀಟರ್. ಅಳಿವೆಯ ಹತ್ತಿರ ಭರತ ಬಂದಾಗ ಮಟ್ಟ ಏರುತ್ತದೆ, ಇಳಿತದಲ್ಲಿ ಇಳಿಯುತ್ತದೆ. ದಿನಕ್ಕೆ ಎರಡು ಸಲ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗಿ. ಬೆಳಗ್ಗೆ 8ಕ್ಕೆ ಒಂದೇ ಸಲ ಓದಿದರೆ ಒಂದು ವಾರ ಹೊಳೆ ಏರುತ್ತಿದೆ, ಇನ್ನೊಂದು ವಾರ ಇಳಿಯುತ್ತಿದೆ ಅಂತ ಸುಮ್ನೆ ಮೋಸ ಹೋಗುತ್ತೀರಿ.

ಬೇಸಿಗೆಯ ಹರಿವು ಯಾಕೆ ಮುಖ್ಯ ಅಂತ ಗೊತ್ತಾಗುವುದೂ ಇಲ್ಲಿಯೇ. ಮೇಲಿನಿಂದ ಸಿಹಿನೀರು ತಳ್ಳದಿದ್ದರೆ ಉಪ್ಪುನೀರು ಒಳಗೆ ನುಗ್ಗುತ್ತದೆ. ಇದೇ ಹೊಳೆಯ ದಂಡೆಯ ಬಾವಿಕ್ಕರೆಯಿಂದ ಕಾಸರಗೋಡು ಪೇಟೆಗೆ ಕುಡಿಯುವ ನೀರು ಹೋಗುತ್ತದೆ. ಅಲ್ಲಿ ಎಷ್ಟೋ ವರ್ಷ ಪ್ರತಿ ಬೇಸಿಗೆಯಲ್ಲಿ ಹೊಯ್ಗೆ ಚೀಲದ ತಾತ್ಕಾಲಿಕ ಕಟ್ಟ ಹಾಕುತ್ತಿದ್ದರು. ಈಗ ಶಾಶ್ವತ ಅಡ್ಡಗಟ್ಟೆ ಆಗಿದೆ. ಕಟ್ಟ ಹಾಕುವ ಮೊದಲೋ ಕಟ್ಟ ಒಡೆದೋ ಪೇಟೆಯ ನಲ್ಲಿಯಲ್ಲಿ ಉಪ್ಪು ಬಂದ ಬೇಸಿಗೆಗಳನ್ನು ಅಲ್ಲಿಯವರು ಮರೆತಿಲ್ಲ. ನಾವು ಮೇಲೆ ತೋಡಿನಲ್ಲಿ ಬಿಟ್ಟ ನೀರಿಗೂ ಪೇಟೆಯ ಲೋಟಕ್ಕೂ ಸಂಬಂಧ ಇದೆ.

ಬೆಟ್ಟದಲ್ಲಿ ಮಳೆ ಬಂದರೆ ನಮ್ಮಲ್ಲಿಗೆ ನೀರು ಬರಲು ಎಷ್ಟು ಹೊತ್ತು?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ನೆಲ ಒಣಗಿದ್ದರೆ ಮೊದಲ ಮಳೆಯನ್ನು ಕಾಡೇ ಕುಡಿಯುತ್ತದೆ. ಜುಲೈಯಲ್ಲಿ ನೆಲ ತಣಿದ ಮೇಲೆ ಬಿದ್ದದ್ದೆಲ್ಲ ಹೊಳೆಗೆ. ನಿಮ್ಮ ಜಾಗದ ಲೆಕ್ಕ ನೀವೇ ಮಾಡಬೇಕು. ನನ್ನ ಭಾವನ ಮನೆ ಸಂಪಾಜೆ ಕಡೆ. ಅವರು ಫೋನ್ ಮಾಡಿ “ಇಲ್ಲಿ ಹೊಳೆ ಕೆಂಪಾಯ್ತು ಮಾರಾಯ” ಅಂದ ಗಂಟೆ ಬರೆಯುತ್ತೇನೆ, ನಮ್ಮಲ್ಲಿ ಹೊಳೆ ಕೆಂಪಾದ ಗಂಟೆಯನ್ನೂ ಬರೆಯುತ್ತೇನೆ. ಹೀಗೆ ಹತ್ತು ಸಲ ಬರೆದರೆ ನಿಮ್ಮದೇ ಮುನ್ಸೂಚನೆ ಆಯಿತು.

ಮೂರು ಲಕ್ಷಣ ಕಂಡರೆ ಅಳತೆ ಗಿಳತೆ ಬಿಟ್ಟು ಮೇಲಕ್ಕೆ ಹೋಗಿ. ನೀರು ಇದ್ದಕ್ಕಿದ್ದಂತೆ ಕೆಸರಾಗಿ, ಬೇರು ಸಮೇತ ಮರ ಬರುವುದು. ಹೊಳೆಯ ಸದ್ದು ಬದಲಾಗಿ, ಕಲ್ಲು ಉರುಳುವ ಗುಡುಗು ಕೇಳುವುದು. ಮೂರನೆಯದು ಎಲ್ಲಕ್ಕಿಂತ ಅಪಾಯ: ಜೋರು ಮಳೆಯ ನಡುವೆಯೇ ನೀರು ಧಿಡೀರ್ ಇಳಿಯುವುದು. ಮೇಲೆ ಎಲ್ಲೋ ಗುಡ್ಡ ಜರಿದು ನೀರು ಕಟ್ಟಿಕೊಂಡಿದೆ ಅಂತ ಅರ್ಥ. ಅದು ಒಡೆದರೆ ಒಟ್ಟಿಗೆ ಬರುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದದ್ದು ಈ ಹೊಳೆಯ ಮೇಲ್ಭಾಗದಲ್ಲಿಯೇ.

ಎಚ್ಚರಿಕೆ ಮಲಯಾಳದಲ್ಲಿ ಬರುತ್ತದೆ, ಮನೆಯ ಹಿರಿಯರಿಗೆ ಅರ್ಥ ಆಗುವುದಿಲ್ಲ.

ಕೆಲವು ಪದ ಗೊತ್ತಿದ್ದರೆ ಸಾಕು. ಜಲನಿರಪ್ಪ್ ಅಂದರೆ ನೀರಿನ ಮಟ್ಟ. ಮುನ್ನರಿಯಿಪ್ಪ್ ಅಂದರೆ ಮುನ್ನೆಚ್ಚರಿಕೆ. ವೆಳ್ಳಪ್ಪೊಕ್ಕಂ ನೆರೆ, ಉರುಳ್‌ಪೊಟ್ಟಲ್ ಗುಡ್ಡ ಜರಿಯುವುದು, ವೇಲಿಯೇಟ್ಟಂ ಭರತ, ವೇಲಿಯಿರಕ್ಕಂ ಇಳಿತ. ಕಾಗದದಲ್ಲಿ ಕನ್ನಡದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ.

ಬಣ್ಣದ ವಿಷಯದಲ್ಲಿ ಜಾಗ್ರತೆ. ಹವಾಮಾನ ಇಲಾಖೆಯ ಬಣ್ಣ ಮಳೆಗೆ: 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬರಬಹುದು ಅಂದರೆ ಹಳದಿ, 204.4ರವರೆಗೆ ಕಿತ್ತಳೆ, ಅದಕ್ಕಿಂತ ಮೇಲೆ ಕೆಂಪು. ಜಲ ಆಯೋಗದ ಬಣ್ಣ ಹೊಳೆಗೆ: ಎಚ್ಚರಿಕೆಯ ಮಟ್ಟ ದಾಟಿದರೆ ಹಳದಿ, ಅಪಾಯದ ಮಟ್ಟ ದಾಟಿದರೆ ಕಿತ್ತಳೆ, ಹಿಂದೆ ಬಂದ ಅತಿ ದೊಡ್ಡ ನೆರೆಯ ಮಟ್ಟ ಮುಟ್ಟಿದರೆ ಕೆಂಪು. ಜಿಲ್ಲಾ ತುರ್ತು ಕೇಂದ್ರದ ನಂಬರ್ 1077.

ಸರ್ಕಾರದ ಅಂಕಿ ನಮಗೆ ಸಿಗುತ್ತದಾ?

ಸಿಗುತ್ತದೆ. ಪಯಸ್ವಿನಿಯಲ್ಲಿ ಎರಿಂಜಿಪುಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್ 2023ರಲ್ಲಿ ಬಂತು. ಆದರೆ ಸಾವಿರ ತೋಡುಗಳಿಗೆ ಕೇಂದ್ರ ಯಾರೂ ಹಾಕುವುದಿಲ್ಲ. ಅಲ್ಲಿ ನಾವೇ.

ಅಳೆಯಲಿಕ್ಕೆ ನೀರಿಗೆ ಇಳಿಯಬಹುದಾ?

ಆಳವನ್ನು ಮೀಟರಿನಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಹಿಡಿದು ಗುಣಿಸಿ. 1ರ ಹತ್ತಿರ ಬಂದರೆ ಗಟ್ಟಿಮುಟ್ಟಾದವರನ್ನೂ ನೀರು ಬೀಳಿಸುತ್ತದೆ. ನಾನು 0.5 ದಾಟಿದರೆ ಇಳಿಯುವುದಿಲ್ಲ. ಒಬ್ಬರೇ ಹೋಗಬೇಡಿ. ಮಕ್ಕಳನ್ನು ಮಳೆಗಾಲದಲ್ಲಿ ಈ ಕೆಲಸಕ್ಕೆ ಕಳಿಸಲೇಬೇಡಿ.

ಟ್ರೌಟ್ ಮೀನಿನ ಹೊಳೆಗಳಲ್ಲಿ ಹರಿವಿನ ಜೊತೆ ನೀರಿನ ಬಿಸಿಯನ್ನೂ ಅಳೆಯುತ್ತಾರಂತೆ. ನಮಗೆ ಬೇಕಾ?

ಬೇಕು ಅಂತಲೇ ನನ್ನ ಅಭಿಪ್ರಾಯ. ಟ್ರೌಟ್ ತಣ್ಣೀರಿನ ಮೀನು. ನೀಲಗಿರಿಯ ಅವಲಾಂಚಿಯಲ್ಲಿ 1907ರಿಂದ ಅದರ ಮರಿ ಮಾಡುವ ಕೇಂದ್ರ ಇದೆ. ನಮ್ಮ ಹೊಳೆ ಅದಕ್ಕೆ ಬಿಸಿ. ಆದರೆ ಕಾರಣ ಎಲ್ಲ ಮೀನಿಗೂ ಒಂದೇ: ನೀರು ಬಿಸಿಯಾದಷ್ಟು ಅದರಲ್ಲಿ ಪ್ರಾಣವಾಯು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಹರಿವು ನಿಂತು ಗುಂಡಿಗಳಲ್ಲಿ ಉಳಿದ ನೀರು ಏಪ್ರಿಲಿನ ಬಿಸಿಲಿಗೆ ಕಾಯುತ್ತದೆ, ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ತೊಡಿಕಾನದಲ್ಲಿ ದೇವರ ಮೀನುಗಳನ್ನು ನೋಡಿದವರಿಗೆ ಆ ಮೀನಿಗೆ ಎಂಥ ನೀರು ಬೇಕು ಅಂತ ಹೇಳಬೇಕಾಗಿಲ್ಲ. ಒಂದು ಸಾದಾ ಥರ್ಮಾಮೀಟರ್ ತಂದು, ನೆರಳಿನಲ್ಲಿ, ಹರಿಯುವ ನೀರಿನಲ್ಲಿ ಒಂದು ನಿಮಿಷ ಹಿಡಿದು ಮಟ್ಟದ ಪಕ್ಕದಲ್ಲೇ ಬರೆಯಿರಿ.

ಮದುವೆ, ಆಸ್ಪತ್ರೆ ಅಂತ ಹತ್ತು ದಿನ ಅಳೆಯಲಿಕ್ಕೆ ಆಗದಿದ್ದರೆ?

ಪಕ್ಕದ ಮನೆಯವರಿಗೆ ಹೇಳಿಹೋಗಿ. ನಾನಿಲ್ಲದಾಗ ನಮ್ಮ ಅಕ್ಕನ ಮಗಳು ಪಟ್ಟಿಯ ಫೋಟೋ ತೆಗೆದು ಕಳಿಸುತ್ತಾಳೆ, ನಾನು ಅಲ್ಲಿಂದಲೇ ಓದುತ್ತೇನೆ. ಅದೂ ಆಗದಿದ್ದರೆ ಆ ದಿನಗಳನ್ನು ಖಾಲಿ ಬಿಡಿ. ಹಿಂದಿನ ದಿನ, ಮುಂದಿನ ದಿನ ನೋಡಿ ನಡುವೆ ತುಂಬಿಸಬೇಡಿ. ನನ್ನ ನೋಟ್‌ಬುಕ್ಕಿನಲ್ಲೂ ಅಂಥ ಖಾಲಿ ಸಾಲುಗಳಿವೆ, ಪಕ್ಕದಲ್ಲಿ ಕಾರಣ ಮಾತ್ರ ಬರೆದಿದ್ದೇನೆ.